ಮುಕ್ಕಾಲು ಸ್ಟಾಪಿನ ತಕರಾರು

ಫುಲ್‌ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಇಂದು ಮೀಡಿಯಂ ಫಾರ್ಮ್ಯಾಟ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಬಹುಪಾಲು ಕ್ಯಾಮೆರಾಗಳದ್ದು, ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್ ಆಗಲಿ ಹ್ಯಾಸೆಲ್‌ಬ್ಲಾಡ್ ಎಕ್ಸ್ ಸರಣಿಯಾಗಲಿ, 43.8 × 32.9. ಗುಣಿಸಿದರೆ ಮೊದಲನೆಯದರ ವಿಸ್ತೀರ್ಣ 864 ಚದರ ಮಿಲಿಮೀಟರ್, ಎರಡನೆಯದರದು 1,441; ಅಂದರೆ 1.67 ಪಟ್ಟು. ಬೆಳಕು ಇಮ್ಮಡಿಯಾದರೆ ಒಂದು ಸ್ಟಾಪ್ ಎನ್ನುವ ಛಾಯಾಗ್ರಾಹಕರ ಲೆಕ್ಕದಲ್ಲಿ ಇದು ಪೂರ್ತಿ ಒಂದು ಸ್ಟಾಪೂ ಆಗುವುದಿಲ್ಲ, ಮುಕ್ಕಾಲು ಆಗುತ್ತದೆ. ಈ ಮುಕ್ಕಾಲು ಸ್ಟಾಪಿಗಾಗಿ ಒಬ್ಬರು ಇದ್ದ ಲೆನ್ಸುಗಳನ್ನೆಲ್ಲ ಮಾರಿ ಹೊಸ ಕ್ಯಾಮೆರಾ ಕೊಳ್ಳುತ್ತಾರೆ, ಇನ್ನೊಬ್ಬರು ಅದೆಲ್ಲ ಬರೀ ಭ್ರಮೆ ಎಂದು ನಗುತ್ತಾರೆ.

ಇಬ್ಬರ ಕೈಯಲ್ಲೂ ಪುರಾವೆ ಇರುತ್ತದೆ ಎಂಬುದೇ ಇಲ್ಲಿನ ಸ್ವಾರಸ್ಯ. ಒಂದೇ ದೃಶ್ಯವನ್ನು ಎರಡು ಕ್ಯಾಮೆರಾಗಳಲ್ಲಿ ತೆಗೆದು ಪಕ್ಕಪಕ್ಕ ಇಟ್ಟು ತೋರಿಸುತ್ತಾರೆ. ಏನನ್ನು ಸಮ ಇಟ್ಟುಕೊಂಡು ತೆಗೆದಿರಿ ಎಂದು ಕೇಳಿದರೆ ಮಾತ್ರ ಉತ್ತರ ಬೇರೆ ಬೇರೆ. ಐಎಸ್‌ಒ ಸಮ ಇಟ್ಟವರು ಒಬ್ಬರು, ಅಪರ್ಚರಿನ ಅಂಕಿ ಸಮ ಇಟ್ಟವರು ಇನ್ನೊಬ್ಬರು. ಫೋಕಸಿನ ಆಳ, ಷಟರ್ ವೇಗ, ಪ್ರಿಂಟಿನ ಅಳತೆ, ಕೊಟ್ಟ ದುಡ್ಡು, ಸಮ ಇಡಬಹುದಾದ ಸಂಗತಿಗಳು ಹೀಗೆ ಹಲವು. ಎಲ್ಲವನ್ನೂ ಒಟ್ಟಿಗೆ ಸಮ ಇಡಲು ಭೌತಶಾಸ್ತ್ರ ಬಿಡುವುದಿಲ್ಲ. ಜಗಳದ ಬಹುಪಾಲು ಹುಟ್ಟುವುದು ಯಾವುದನ್ನು ಸಮ ಇಡಬೇಕೆಂಬ ಒಪ್ಪಂದವೇ ಇಲ್ಲದ್ದರಿಂದ ಎಂದು ನನಗನ್ನಿಸುತ್ತದೆ. ಆ ದೃಷ್ಟಿಯಿಂದಲೇ ಈ ವಾದದ ಬೇರೆ ಬೇರೆ ಪಂಥಗಳನ್ನು ಇಲ್ಲಿ ನೋಡಿದ್ದೇನೆ.

ಫಿಲ್ಮ್ ಕಾಲದ ಸರಳ ನಿಯಮ

36 × 24ರ ಅಳತೆ ಬಂದದ್ದು ಸಿನಿಮಾದಿಂದ. ಜರ್ಮನಿಯ ಲೈಟ್ಸ್ ಕಂಪನಿಯಲ್ಲಿದ್ದ ಆಸ್ಕರ್ ಬಾರ್ನಾಕ್ 35 ಎಂಎಂ ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಎರಡು ಸಿನಿಮಾ ಚೌಕಟ್ಟುಗಳ ಜಾಗದಲ್ಲಿ ಒಂದು ಚಿತ್ರ ಮೂಡುವಂತೆ ಮಾಡಿದರು. ಆ ಕ್ಯಾಮೆರಾ ಲೈಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದದ್ದು 1925ರಲ್ಲಿ. 120 ರೋಲ್ ಅದಕ್ಕಿಂತ ಹಿರಿಯದು. ಕೊಡಾಕ್ ಅದನ್ನು 1901ರಲ್ಲಿ ಬ್ರೌನಿ ಡಬ್ಬಿ ಕ್ಯಾಮೆರಾಗೆಂದು ತಂದಿತು. 35 ಎಂಎಂಗಿಂತ ದೊಡ್ಡದು, ಸ್ಟುಡಿಯೋಗಳ 4 × 5 ಇಂಚಿನ ಹಾಳೆ ಫಿಲ್ಮಿಗಿಂತ ಚಿಕ್ಕದು ಎಂಬ ಕಾರಣಕ್ಕೆ ಅದು ಮೀಡಿಯಂ ಆಯಿತು. 1929ರಲ್ಲಿ ರೋಲಿಫ್ಲೆಕ್ಸ್, 1948ರಲ್ಲಿ ಹ್ಯಾಸೆಲ್‌ಬ್ಲಾಡ್ ಬಂದವು. 1969ರಲ್ಲಿ ಚಂದ್ರನ ಮೇಲೆ ಇಳಿದವರ ಕೈಯಲ್ಲಿ ಇದ್ದದ್ದೂ ಹ್ಯಾಸೆಲ್‌ಬ್ಲಾಡೇ.

ನಮ್ಮೂರುಗಳ ಸ್ಟುಡಿಯೋಗಳಲ್ಲೂ ಮದುವೆಯ ಗುಂಪು ಫೋಟೋಗೆ 'ಒನ್‌ಟ್ವೆಂಟಿ' ರೋಲೇ ಬಹಳ ಕಾಲ ನಡೆಯಿತು. ಐವತ್ತು ಜನ ನಿಂತ ಫೋಟೋದಲ್ಲಿ ಹಿಂದಿನ ಸಾಲಿನ ಸೋದರತ್ತೆಯ ಮೂಗುಬೊಟ್ಟು ಕಾಣಬೇಕಾದರೆ ದೊಡ್ಡ ನೆಗೆಟಿವ್ ಬೇಕು ಎಂಬುದು ಯಾರೂ ಪ್ರಶ್ನಿಸದ ಮಾತಾಗಿತ್ತು. ಅದಕ್ಕೆ ಕಾರಣವೂ ಗಟ್ಟಿಯಾಗಿತ್ತು. 6 × 6 ಸೆಂಟಿಮೀಟರ್ ಎಂದು ಕರೆಯುವ ನೆಗೆಟಿವಿನ ನಿಜವಾದ ಅಳತೆ 56 × 56 ಮಿಲಿಮೀಟರ್. ಅದು 35 ಎಂಎಂ ಚೌಕಟ್ಟಿನ 3.6 ಪಟ್ಟು, 6 × 7 ಆದರೆ ಹತ್ತಿರಹತ್ತಿರ ನಾಲ್ಕೂವರೆ ಪಟ್ಟು. ಜೊತೆಗೆ ಎರಡು ಕ್ಯಾಮೆರಾಗಳಿಗೂ ಹಾಕುತ್ತಿದ್ದದ್ದು ಒಂದೇ ಎಮಲ್ಷನ್. ಕೊಡಾಕಿನ ಟ್ರೈ-ಎಕ್ಸ್ ಚಿಕ್ಕ ರೋಲಿನಲ್ಲೂ ಟ್ರೈ-ಎಕ್ಸೇ, ದೊಡ್ಡ ರೋಲಿನಲ್ಲೂ ಟ್ರೈ-ಎಕ್ಸೇ. ಬೆಳ್ಳಿಯ ಕಣಗಳ ಗಾತ್ರ ಒಂದೇ ಆದಾಗ ಕಡಿಮೆ ಹಿಗ್ಗಿಸಿದ ಚಿತ್ರದಲ್ಲಿ ಗ್ರೇನ್ ಕಡಿಮೆ ಕಾಣುತ್ತದೆ, ವಿವರ ಹೆಚ್ಚು ಉಳಿಯುತ್ತದೆ. ಹೋಲಿಕೆಯಲ್ಲಿ ಬದಲಾಗುತ್ತಿದ್ದದ್ದು ವಿಸ್ತೀರ್ಣ ಮತ್ತು ಲೆನ್ಸ್, ಇವೆರಡೇ.

ಲೆನ್ಸ್ ಎಂಬುದನ್ನು ಸೇರಿಸಿಯೇ ಹೇಳಬೇಕು. ಬರೋಡಾದಲ್ಲಿ ತಯಾರಾಗಿ ದೇಶದ ಮನೆಮನೆಗೆ ಹೋದ ಆಗ್ಫಾ ಕ್ಲಿಕ್ 3 ಕ್ಯಾಮೆರಾವೂ 120 ರೋಲಿನ ಮೇಲೆ 6 × 6 ಚಿತ್ರವನ್ನೇ ಮೂಡಿಸುತ್ತಿತ್ತು. ಇಂದಿನ ಯಾವ ಡಿಜಿಟಲ್ ಮೀಡಿಯಂ ಫಾರ್ಮ್ಯಾಟ್ ಸೆನ್ಸರೂ ಅಷ್ಟು ದೊಡ್ಡದಿಲ್ಲ. ಆದರೂ ಅದರ ಅಗ್ಗದ, ಸರಳ ಲೆನ್ಸಿನ ಚಿತ್ರಗಳನ್ನು ಯಾರೂ ಗುಣಮಟ್ಟದ ಮಾದರಿ ಎಂದು ಎತ್ತಿ ತೋರಿಸುವುದಿಲ್ಲ.

ಕೆಲಸಗಳೂ ಆಗ ತಾವಾಗಿಯೇ ಹಂಚಿಹೋಗಿದ್ದವು. ಬೀದಿ, ಸುದ್ದಿ, ಯುದ್ಧ 35 ಎಂಎಂಗೆ. ಫ್ಯಾಷನ್, ಜಾಹೀರಾತು, ಭಾವಚಿತ್ರ, ನಿಸರ್ಗ ಮೀಡಿಯಂ ಫಾರ್ಮ್ಯಾಟಿಗೆ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1960ರಲ್ಲಿ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯ ಪಕ್ಕದ ಚಂದ್ರನನ್ನು ಹಿಡಿದದ್ದು ಹ್ಯಾಸೆಲ್‌ಬ್ಲಾಡಿನಲ್ಲಿ. ನಮ್ಮಲ್ಲಿ ರಘುಬೀರ್ ಸಿಂಗ್ ಗಿಜಿಗುಡುವ ಬಣ್ಣದ ಭಾರತವನ್ನು 35 ಎಂಎಂ ಕೊಡಾಕ್ರೋಮಿನಲ್ಲಿ ತೆಗೆದರೆ, ದಯನಿತಾ ಸಿಂಗ್ ಮನೆಗಳ ಒಳಗಿನ ಮೌನವನ್ನು ಹ್ಯಾಸೆಲ್‌ಬ್ಲಾಡಿನ ಚೌಕದಲ್ಲಿ ಹಿಡಿದರು.

ಡಿಜಿಟಲ್ ತಂದ ಗೊಂದಲ

ಡಿಜಿಟಲ್ ಸೆನ್ಸರ್ ಬಂದದ್ದೇ ಈ ಸರಳ ನಿಯಮ ಮುರಿಯಿತು. ಒಂದೇ ಎಮಲ್ಷನ್ ಎಂಬ ಸಮಾನತೆ ಹೋಯಿತು. ಒಂದೊಂದು ಕ್ಯಾಮೆರಾದಲ್ಲಿ ಒಂದೊಂದು ತಲೆಮಾರಿನ ಸಿಲಿಕಾನ್. 2002ರಲ್ಲಿ ಕ್ಯಾನನ್ 1ಡಿಎಸ್ 11 ಮೆಗಾಪಿಕ್ಸೆಲಿನ ಫುಲ್‌ಫ್ರೇಮ್ ಸೆನ್ಸರ್ ತಂದಾಗಲೇ ಮೀಡಿಯಂ ಫಾರ್ಮ್ಯಾಟ್ ಫಿಲ್ಮಿಗೆ ಇದು ಸಮ ಎನ್ನುವ ವಾದ ಶುರುವಾಯಿತು. ಫುಲ್‌ಫ್ರೇಮ್ ತಯಾರಕರು ಸಿಮಾಸ್ ಎಂಬ ಸೆನ್ಸರ್ ತಂತ್ರಜ್ಞಾನದತ್ತ ನಡೆದರೆ, ಫೇಸ್ ಒನ್, ಲೀಫ್, ಹ್ಯಾಸೆಲ್‌ಬ್ಲಾಡಿನ ದುಬಾರಿ ಡಿಜಿಟಲ್ ಬ್ಯಾಕುಗಳು (ಕ್ಯಾಮೆರಾದ ಬೆನ್ನಿಗೆ ಜೋಡಿಸುವ ಸೆನ್ಸರ್ ಘಟಕಗಳು) ಹಳೆಯ ಸಿಸಿಡಿಯಲ್ಲೇ ಉಳಿದವು. ಸಿಸಿಡಿಗಳು ಕಡಿಮೆ ಐಎಸ್‌ಒದಲ್ಲಿ ಸೊಗಸು, ನೆರಳಿನಲ್ಲಿ ಮತ್ತು ಹೆಚ್ಚಿನ ಐಎಸ್‌ಒದಲ್ಲಿ ಗದ್ದಲ, ಅಂದರೆ ನಾಯ್ಸ್.

2012ರಲ್ಲಿ ಬಂದ ನಿಕಾನ್ ಡಿ800 ಒಂದು ಮೈಲಿಗಲ್ಲು. ಬೆಲೆ 3,000 ಡಾಲರ್, 36 ಮೆಗಾಪಿಕ್ಸೆಲ್. ಸೆನ್ಸರ್ ಅಳೆದು ಅಂಕ ಕೊಡುವ ಡಿಎಕ್ಸ್‌ಒಮಾರ್ಕ್ ಅದಕ್ಕೆ 95 ಕೊಟ್ಟಿತು. ವಿಸ್ತೀರ್ಣದಲ್ಲಿ ಅದರ ಎರಡೂವರೆ ಪಟ್ಟು ಇದ್ದ, ಬೆಲೆಯಲ್ಲಿ ಹತ್ತು ಪಟ್ಟಿಗಿಂತ ಹೆಚ್ಚಿದ್ದ ಫೇಸ್ ಒನ್ ಐಕ್ಯೂ180 ಬ್ಯಾಕಿಗೆ 91, ಪೆಂಟಾಕ್ಸ್ 645ಡಿಗೆ 82. ದೊಡ್ಡದು ಅಂದಮಾತ್ರಕ್ಕೆ ಮೇಲಲ್ಲ ಎಂದು ಒಂದು ಗುಂಪು ಸಂಭ್ರಮಿಸಿತು. ಅಂಕದ ಪಟ್ಟಿಗೆ ಕಣ್ಣಿಲ್ಲ ಎಂದು ಇನ್ನೊಂದು ಗುಂಪು ಸಿಡುಕಿತು. ಅಸಲಿಗೆ ಅಲ್ಲಿ ಹೋಲಿಕೆಯಾದದ್ದು ಎರಡು ತಂತ್ರಜ್ಞಾನಗಳು. ಗಾತ್ರದ ಬಗ್ಗೆ ಆ ಅಂಕಗಳು ಹೇಳಿದ್ದು ಕಡಿಮೆ.

2014ರಲ್ಲಿ ಸೋನಿ ತಯಾರಿಸಿದ 50 ಮೆಗಾಪಿಕ್ಸೆಲಿನ ಸಿಮಾಸ್ ಸೆನ್ಸರ್ ಫೇಸ್ ಒನ್, ಹ್ಯಾಸೆಲ್‌ಬ್ಲಾಡ್, ಪೆಂಟಾಕ್ಸ್ ಮೂವರಿಗೂ ಸಿಕ್ಕಿತು, ತಂತ್ರಜ್ಞಾನದ ಅಂತರ ಕಡಿಮೆಯಾಯಿತು. 2016ರಲ್ಲಿ ಹ್ಯಾಸೆಲ್‌ಬ್ಲಾಡ್ ಎಕ್ಸ್1ಡಿ, ಮರುವರ್ಷ ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್ 50ಎಸ್ ಕನ್ನಡಿಯಿಲ್ಲದ ಹಗುರ ದೇಹದಲ್ಲಿ ಬಂದವು. ಇವುಗಳ ಸೆನ್ಸರಿನ ವಿಸ್ತೀರ್ಣ ಮಾತ್ರ ಫಿಲ್ಮ್ ಕಾಲದ 6 × 6 ನೆಗೆಟಿವಿನ ಅರ್ಧಕ್ಕಿಂತ ಕಡಿಮೆ. 3.6 ಪಟ್ಟಿನ ಕಾಲದಲ್ಲಿ ಗಳಿಸಿದ ಕೀರ್ತಿ 1.67 ಪಟ್ಟಿನ ಕ್ಯಾಮೆರಾಗಳಿಗೆ ಆಸ್ತಿಯಾಗಿ ಬಂದಿದೆ. ಈಗಿನ ವಾದಗಳಲ್ಲಿ ಎಷ್ಟೋ ಬಾರಿ ಮರೆಯಾಗುವುದು ಇದೇ.

2018–19ರಲ್ಲಿ ಹೋಲಿಕೆಗೆ ಹೇಳಿ ಮಾಡಿಸಿದಂಥ ಸಂದರ್ಭ ಒದಗಿತು. ಸೋನಿ ಎ7ಆರ್ 4ರಲ್ಲಿ 61 ಮೆಗಾಪಿಕ್ಸೆಲ್, ಜಿಎಫ್‌ಎಕ್ಸ್ 100ರಲ್ಲಿ 102, ಇನ್ನೂ ದೊಡ್ಡ 53.4 × 40 ಮಿಲಿಮೀಟರಿನ ಫೇಸ್ ಒನ್ ಐಕ್ಯೂ4ರಲ್ಲಿ 150. ಮೂರರಲ್ಲೂ ಪಿಕ್ಸೆಲಿನ ಗಾತ್ರ ಒಂದೇ, 3.76 ಮೈಕ್ರಾನ್, ತಂತ್ರಜ್ಞಾನದ ತಲೆಮಾರೂ ಒಂದೇ. ಟ್ರೈ-ಎಕ್ಸ್ ಕಾಲದ ಸಮಾನತೆ ಹೆಚ್ಚುಕಡಿಮೆ ಮರಳಿ ಬಂದಂತಾಯಿತು. ವಿಸ್ತೀರ್ಣ ಒಂದರಿಂದಲೇ ಏನು ಸಿಗುತ್ತದೆ ಎಂದು ಈಗ ಕೇಳಬಹುದು.

ಒಟ್ಟು ಬೆಳಕಿನ ಪಂಥ

ಒಟ್ಟು ಬೆಳಕನ್ನೇ ಅಳತೆಗೋಲು ಮಾಡಿಕೊಂಡವರ ಸಿದ್ಧಾಂತ ಶುದ್ಧ ಲೆಕ್ಕ. ಬೆಳಕು ಕಣಕಣವಾಗಿ, ಮಳೆಹನಿಯ ಹಾಗೆ ಅಡ್ಡಾದಿಡ್ಡಿಯಾಗಿ ಬೀಳುತ್ತದೆ. ಒಂದು ಜಾಗಕ್ಕೆ ಸರಾಸರಿ 100 ಫೋಟಾನ್ ಬೀಳಬೇಕಾದಲ್ಲಿ ಏರುಪೇರು ಅದರ ವರ್ಗಮೂಲದಷ್ಟು, ಅಂದರೆ 10. 10,000 ಬಿದ್ದರೆ ಏರುಪೇರು 100; ಅನುಪಾತದಲ್ಲಿ ನೋಡಿದರೆ ಹತ್ತರಲ್ಲೊಂದು ಇದ್ದದ್ದು ನೂರರಲ್ಲೊಂದಕ್ಕೆ ಇಳಿಯಿತು. ಚಿತ್ರದಲ್ಲಿ ಕಾಣುವ ನಾಯ್ಸಿನ ಬಹುಪಾಲು ಸೆನ್ಸರಿನ ತಪ್ಪಲ್ಲ, ಬೆಳಕಿನ ಈ ಸ್ವಭಾವ. ಹಾಗಾಗಿ ಇಡೀ ಚಿತ್ರಕ್ಕೆ ಒಟ್ಟು ಎಷ್ಟು ಬೆಳಕು ಬಿತ್ತು ಎಂಬುದೊಂದೇ ನಾಯ್ಸನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಒಂದು ಭಾವಚಿತ್ರ ತೆಗೆಯೋಣ. ಫುಲ್‌ಫ್ರೇಮಿನಲ್ಲಿ 85 ಎಂಎಂ ಲೆನ್ಸ್, ಎಫ್/2, 1/125 ಸೆಕೆಂಡ್, ಐಎಸ್‌ಒ 400. ಅದೇ ಜಾಗದಲ್ಲಿ ನಿಂತು 44 × 33 ಸೆನ್ಸರಿನಲ್ಲಿ ಅದೇ ಚೌಕಟ್ಟು ಬೇಕೆಂದರೆ ಸುಮಾರು 108 ಎಂಎಂ ಲೆನ್ಸ್ ಬೇಕು. ಕಣ್ಣಿನಿಂದ ಕಿವಿಯವರೆಗಿನ ಫೋಕಸಿನ ಆಳ ಅದೇ ಇರಬೇಕೆಂದರೆ ಎಫ್/2.5. ಷಟರ್ ಬದಲಿಸುವಂತಿಲ್ಲ, ಕೂತವರು ಉಸಿರಾಡುತ್ತಿದ್ದಾರೆ. ಆಗ ಐಎಸ್‌ಒ 640ಕ್ಕೆ ಏರಿಸಲೇಬೇಕು. ಎರಡೂ ಸೆನ್ಸರುಗಳ ಮೇಲೆ ಬಿದ್ದ ಒಟ್ಟು ಬೆಳಕು ಈಗ ಒಂದೇ, ನಾಯ್ಸೂ ಒಂದೇ. ದೊಡ್ಡ ಸೆನ್ಸರಿನಿಂದ ನಾಯ್ಸಿನ ಲಾಭ ಸೊನ್ನೆ. ಚಿಕ್ಕ ಅಪರ್ಚರಿನ ಮೂಲಕ ಹಾಯುವ ಬೆಳಕು ಹರಡಿಕೊಳ್ಳುವ ಡಿಫ್ರಾಕ್ಷನ್ನಿಗೂ ಇದೇ ಲೆಕ್ಕ: ಫೋಕಸಿನ ಆಳ ಸಮವಾದರೆ ಪ್ರಿಂಟಿನಲ್ಲಿ ಡಿಫ್ರಾಕ್ಷನ್ನಿನ ಮಸುಕೂ ಸಮ.

ಈಗ ಟ್ರೈಪಾಡ್ ಹಾಕಿ ಬೆಟ್ಟದ ಚಿತ್ರ ತೆಗೆಯೋಣ. ಫುಲ್‌ಫ್ರೇಮ್ ಎಫ್/8, ಐಎಸ್‌ಒ 100, 1/30 ಸೆಕೆಂಡ್. ದೊಡ್ಡದರಲ್ಲಿ ಎಫ್/10, ಐಎಸ್‌ಒ 100, 1/20 ಸೆಕೆಂಡ್. ಐಎಸ್‌ಒ ಏರಿಸದೆ ಷಟರನ್ನು ನಿಧಾನ ಮಾಡಿದ್ದರಿಂದ ದೊಡ್ಡ ಸೆನ್ಸರ್ ಹೆಚ್ಚು ಬೆಳಕು ಕುಡಿಯಿತು, ಮುಕ್ಕಾಲು ಸ್ಟಾಪಿನ ಲಾಭ ನಿಜವಾಗಿ ಸಿಕ್ಕಿತು. ಗಾಳಿಗೆ ಎಲೆ ಅಲ್ಲಾಡಿದರೆ ಆ ಲಾಭವೂ ಹೋಯಿತು. ಬೆಳಕು ಅಥವಾ ಸಮಯ ಧಾರಾಳವಾಗಿದ್ದಾಗ ವಿಸ್ತೀರ್ಣಕ್ಕೆ ಬೆಲೆಯಿದೆ. ಎರಡಕ್ಕೂ ಬರ ಇದ್ದಾಗ ಎಫ್-ಅಂಕಿ ಚಿಕ್ಕದಿರುವ ಲೆನ್ಸಿಗೆ ಬೆಲೆ. ಎರಡೂ ಕಡೆಯವರ ಪುರಾವೆಗಳು ನಿಜವಾಗುವುದು ಇಲ್ಲಿಯೇ: ಒಬ್ಬರು ಬೆಟ್ಟ ತೆಗೆದಿರುತ್ತಾರೆ, ಇನ್ನೊಬ್ಬರು ಮಗುವನ್ನು.

ಲೆಕ್ಕಕ್ಕೆ ಇನ್ನೆರಡು ತಿರುವುಗಳಿವೆ. ಮೊದಲನೆಯದು ಚೌಕಟ್ಟಿನ ಆಕಾರ. ಫುಲ್‌ಫ್ರೇಮ್ 3:2, ಈಗಿನ ಮೀಡಿಯಂ ಫಾರ್ಮ್ಯಾಟ್ 4:3. ಕೊನೆಯ ಚಿತ್ರ 4:3 ಆಗಬೇಕೆಂದರೆ ಫುಲ್‌ಫ್ರೇಮಿನ ಎರಡು ಅಂಚು ಕತ್ತರಿಸಬೇಕು. ಉಳಿಯುವುದು 768 ಚದರ ಮಿಲಿಮೀಟರ್, ಅಂತರ ಸುಮಾರು 0.9 ಸ್ಟಾಪಿಗೆ ಏರುತ್ತದೆ. 3:2 ಬೇಕೆಂದರೆ ಕತ್ತರಿ ಮೀಡಿಯಂ ಫಾರ್ಮ್ಯಾಟಿಗೆ; ಅಂತರ 0.57 ಸ್ಟಾಪಿಗೆ ಇಳಿಯುತ್ತದೆ. ಆಲ್ಬಮಿಗೆ ಉದ್ದನೆಯ ಚಿತ್ರ ಹಾಕುವವರಿಗೆ ಒಂದು ಉತ್ತರ, ಪತ್ರಿಕೆಯ ಪೂರ್ಣಪುಟ ತುಂಬುವವರಿಗೆ ಇನ್ನೊಂದು.

ಎರಡನೆಯ ತಿರುವು ಕನಿಷ್ಠ ಐಎಸ್‌ಒ. ನಿಕಾನ್ ಡಿ850 ಐಎಸ್‌ಒ 64ರಿಂದ ಶುರುವಾಗುತ್ತದೆ. ಅಂದರೆ ಐಎಸ್‌ಒ 100ರಿಂದ ಶುರುವಾಗುವ ಸೆನ್ಸರಿಗಿಂತ ಪ್ರತಿ ಚದರ ಮಿಲಿಮೀಟರಿಗೆ ಒಂದೂವರೆ ಪಟ್ಟಿಗಿಂತ ಹೆಚ್ಚು ಬೆಳಕು ತಡೆದುಕೊಳ್ಳುತ್ತದೆ. 1.67 ಪಟ್ಟಿನ ಲಾಭವನ್ನು ಅದೊಂದೇ ಬಹುತೇಕ ನುಂಗಿಹಾಕುತ್ತದೆ. ಡಿಎಕ್ಸ್‌ಒಮಾರ್ಕ್ ಡಿ850ಕ್ಕೆ 100, ಎಕ್ಸ್1ಡಿಗೆ 102 ಅಂಕ ಕೊಟ್ಟದ್ದರ ಗುಟ್ಟೂ ಇದರಲ್ಲಿದೆ. ಮೀಡಿಯಂ ಫಾರ್ಮ್ಯಾಟಿನವರೂ ಸುಮ್ಮನೆ ಕೂರಲಿಲ್ಲ: ಹ್ಯಾಸೆಲ್‌ಬ್ಲಾಡ್ ಎಕ್ಸ್2ಡಿ ಕೂಡ ಐಎಸ್‌ಒ 64ಕ್ಕೆ ಇಳಿಯಿತು, ಜಿಎಫ್‌ಎಕ್ಸ್ 100 II ಐಎಸ್‌ಒ 80ಕ್ಕೆ. ಅಂತರ ಮತ್ತೆ ತೆರೆಯಿತು.

ಈ ಪಂಥದವರ ಮೇಲೆ ನನಗೊಂದು ಆಕ್ಷೇಪವಿದೆ. ಟ್ರೈಪಾಡ್ ಇದ್ದು ದೃಶ್ಯ ಅಲ್ಲಾಡದೆ ನಿಂತಿದ್ದರೆ ಫುಲ್‌ಫ್ರೇಮಿನಲ್ಲಿ ಎರಡು ಬಾರಿ ಕ್ಲಿಕ್ಕಿಸಿ ಎರಡರ ಸರಾಸರಿ ತೆಗೆಯಬಹುದು. ಬೆಳಕು ಇಮ್ಮಡಿಯಾಗಿ ಒಂದು ಪೂರ್ತಿ ಸ್ಟಾಪ್ ಗಳಿಸಿದ ಹಾಗಾಯಿತು, ಮುಕ್ಕಾಲಿಗಿಂತ ಹೆಚ್ಚು. ದೊಡ್ಡ ಸೆನ್ಸರಿನ ಗೆಲುವಿಗೆ ಯಾವ ಸ್ಥಿತಿ ಬೇಕೋ ಅದೇ ಸ್ಥಿತಿಯಲ್ಲಿ ಚಿಕ್ಕದಕ್ಕೂ ಈ ದಾರಿ ತೆರೆದಿರುತ್ತದೆ. ಇದನ್ನು ಹೋಲಿಕೆಯಲ್ಲಿ ಸೇರಿಸುವವರು ಅಪರೂಪ.

ಪಿಕ್ಸೆಲ್ ಎಣಿಸುವವರು

ಫೈಲನ್ನು ಪರದೆಯ ಮೇಲೆ ನೂರಕ್ಕೆ ನೂರು ಹಿಗ್ಗಿಸಿ, ಕಣ್ಣಿನ ರೆಪ್ಪೆಯನ್ನೋ ದೇವಸ್ಥಾನದ ಗೋಪುರದ ತುದಿಯನ್ನೋ ನೋಡಿ ತೀರ್ಪು ಕೊಡುವವರು ಇವರು. ಒಂದೇ 3.76 ಮೈಕ್ರಾನಿನ ಪಿಕ್ಸೆಲುಗಳನ್ನು ಹೀಗೆ ನೋಡಿದರೆ ಎ7ಆರ್ 4 ಮತ್ತು ಜಿಎಫ್‌ಎಕ್ಸ್ 100ರ ನಡುವೆ ವ್ಯತ್ಯಾಸ ಕಾಣುವುದೇ ಕಷ್ಟ. ಎರಡರಲ್ಲೂ ಒಂದು ಪಿಕ್ಸೆಲ್ ಸುಮಾರು 50,000 ಇಲೆಕ್ಟ್ರಾನ್ ಹಿಡಿಯುತ್ತದೆ, ಎರಡರಲ್ಲೂ ಏರುಪೇರು ಅಷ್ಟೇ. ಹೀಗಾಗಿಯೇ ವ್ಯತ್ಯಾಸವೇ ಇಲ್ಲ ಎಂಬ ತೀರ್ಮಾನ ಹೊರಡುತ್ತದೆ. ಆದರೆ ಚಿತ್ರವನ್ನು ಯಾರೂ ಒಂದು ಪಿಕ್ಸೆಲಿನಷ್ಟು ತುಂಡಾಗಿ ಗೋಡೆಗೆ ತೂಗುಹಾಕುವುದಿಲ್ಲ. ಒಂದರಲ್ಲಿ ಅಂಥವು 6.1 ಕೋಟಿ, ಇನ್ನೊಂದರಲ್ಲಿ 10.2 ಕೋಟಿ. ಇಂಚಿಗೆ 300 ಪಿಕ್ಸೆಲಿನ ಲೆಕ್ಕದಲ್ಲಿ ಪ್ರಿಂಟ್ ಹಾಕಿದರೆ ಮೊದಲನೆಯದರ ಎತ್ತರ 21 ಇಂಚು, ಎರಡನೆಯದರದು 29.

ಹಳೆಯ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಎದುರು ಹೊಸ 100 ಮೆಗಾಪಿಕ್ಸೆಲ್ ಇಟ್ಟು ಹೊಸದರಲ್ಲಿ ನಾಯ್ಸ್ ಹೆಚ್ಚು ಎಂದು ದೂರುವುದೂ ಇದೇ ಅಭ್ಯಾಸದ ಫಲ. ಹೆಚ್ಚು ಹಿಗ್ಗಿಸಿದ್ದು ಹೆಚ್ಚು ಒರಟಾಗಿ ಕಾಣುತ್ತದೆ, ಅಷ್ಟೇ. ಡಿಎಕ್ಸ್‌ಒಮಾರ್ಕ್ ಎಲ್ಲ ಸೆನ್ಸರುಗಳನ್ನೂ 8 ಮೆಗಾಪಿಕ್ಸೆಲಿನ ಪ್ರಿಂಟಿಗೆ ಇಳಿಸಿ ಅಂಕ ಹಾಕುವುದು ಈ ದೋಷ ತಪ್ಪಿಸಲೆಂದೇ. ಆದರೆ ಅದಕ್ಕೂ ಬೆಲೆ ತೆರಬೇಕು: 8 ಮೆಗಾಪಿಕ್ಸೆಲಿಗೆ ಇಳಿಸಿದಾಗ ವಿವರದ ಲಾಭ ಅಂಕದಲ್ಲಿ ಕಾಣುವುದೇ ಇಲ್ಲ. ಮೀಡಿಯಂ ಫಾರ್ಮ್ಯಾಟ್ ಕೊಳ್ಳುವವರಲ್ಲಿ ಹಲವರು ಕೊಳ್ಳುವುದೇ ಆ ವಿವರಕ್ಕಾಗಿ.

ಗಾಜಿನ ಪಕ್ಷ

ಲೆನ್ಸ್ ಬಲ್ಲವರ ವಾದ ಬೇರೆ. ಸೆನ್ಸರ್ ಎತ್ತರ 24 ಮಿಲಿಮೀಟರ್ ಇದ್ದರೆ 60 ಸೆಂಟಿಮೀಟರ್ ಎತ್ತರದ ಪ್ರಿಂಟಿಗೆ ಅದನ್ನು 25 ಪಟ್ಟು ಹಿಗ್ಗಿಸಬೇಕು, 32.9 ಇದ್ದರೆ 18 ಪಟ್ಟು ಸಾಕು. ಲೆನ್ಸಿನ ಪ್ರತಿಯೊಂದು ಐಬೂ ಅಷ್ಟೇ ಹಿಗ್ಗುತ್ತದೆ. ಒಂದೇ ವಿವರವನ್ನು ಪ್ರಿಂಟಿಗೆ ತರಲು ಚಿಕ್ಕ ಸೆನ್ಸರಿನ ಲೆನ್ಸ್ ಹೆಚ್ಚು ದುಡಿಯಬೇಕು.

ಇದು ನಿಜ, ಆದರೆ ಅರ್ಧ ನಿಜ. ಫಿಲ್ಮ್ ಕಾಲದಲ್ಲಿ ದೊಡ್ಡ ಫಾರ್ಮ್ಯಾಟಿನ ಲೆನ್ಸುಗಳು ಮಿಲಿಮೀಟರಿಗೆ ಇಷ್ಟು ಗೆರೆ ಎಂಬ ಲೆಕ್ಕದಲ್ಲಿ ಸಾಮಾನ್ಯವಾಗಿ ಹಿಂದಿದ್ದವು. ಗಾತ್ರದ ಲಾಭದ ಒಂದು ಪಾಲು ಅಲ್ಲೇ ಸೋರಿಹೋಗುತ್ತಿತ್ತು. ಈಗ ಫ್ಯೂಜಿಫಿಲ್ಮಿನ ಜಿಎಫ್ ಲೆನ್ಸುಗಳನ್ನು 100 ಮೆಗಾಪಿಕ್ಸೆಲ್ ಲೆಕ್ಕದಲ್ಲೇ ವಿನ್ಯಾಸ ಮಾಡಿದ್ದಾರೆ. ಇತ್ತ ಫುಲ್‌ಫ್ರೇಮಿನಲ್ಲೂ 2013ರ ಝೈಸ್ ಓಟಸ್ 55 ಎಂಎಂ ತೋರಿಸಿಕೊಟ್ಟಂತೆ, ತೂಕಕ್ಕೂ ದುಡ್ಡಿಗೂ ಅಂಜದಿದ್ದರೆ ಎಷ್ಟು ತೀಕ್ಷ್ಣ ಗಾಜು ಬೇಕಾದರೂ ಸಾಧ್ಯ. ಹಾಗಾದರೆ ಹೋಲಿಸಬೇಕಾದದ್ದು ಯಾವ ಲೆನ್ಸಿನೊಡನೆ ಯಾವ ಲೆನ್ಸನ್ನು? ಎರಡೂ ಕಡೆಯ ಅತ್ಯುತ್ತಮವೋ, ಒಂದೇ ಬೆಲೆಯವೋ, ಒಂದೇ ತೂಕದವೋ? ಈ ಪ್ರಶ್ನೆಗೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ. ಒಂದೇ ಮಾದರಿಯ ಎರಡು ಲೆನ್ಸುಗಳ ನಡುವೆಯೇ ಕಾಣುವಷ್ಟು ವ್ಯತ್ಯಾಸವಿರುತ್ತದೆ ಎಂಬುದನ್ನು ಸೇರಿಸಿದರೆ, ಒಂದೊಂದೇ ಲೆನ್ಸ್ ಇಟ್ಟುಕೊಂಡು ಮಾಡಿದ ಪರೀಕ್ಷೆಗಳನ್ನು ನಂಬುವುದು ಇನ್ನೂ ಕಷ್ಟ.

'ಲುಕ್' ಎಂಬ ಮಾತು

ಅಳತೆಗಳೆಲ್ಲ ಮುಗಿದ ಮೇಲೂ ಒಂದು ಮಾತು ಉಳಿಯುತ್ತದೆ: ಮೀಡಿಯಂ ಫಾರ್ಮ್ಯಾಟಿಗೆ ಅದರದೇ ಒಂದು ಲುಕ್ ಇದೆ, ಮುಖ ದುಂಡಗೆ ಕಾಣುತ್ತದೆ, ಬಣ್ಣದಿಂದ ಬಣ್ಣಕ್ಕೆ ಹದವಾಗಿ ಜಾರುತ್ತದೆ, ಗಾಳಿ ಇದ್ದಂತೆ ಅನಿಸುತ್ತದೆ. ಹೇಳುವವರಲ್ಲಿ ದಶಕಗಟ್ಟಲೆ ದುಡಿದ ವೃತ್ತಿನಿರತರಿದ್ದಾರೆ, ತಳ್ಳಿಹಾಕುವುದು ಸುಲಭವಲ್ಲ. ಬಿಡಿಸಿ ನೋಡಿದರೆ ಇದರೊಳಗೆ ಮೂರು ನಾಲ್ಕು ಬೇರೆ ಬೇರೆ ಹೇಳಿಕೆಗಳು ಹೆಣೆದುಕೊಂಡಿವೆ.

ಪರ್ಸ್ಪೆಕ್ಟಿವ್ ಬದಲಾಗುತ್ತದೆ ಎಂಬುದು ಸರಿಯಲ್ಲ. ಮೂಗು ಎಷ್ಟು ಮುಂದೆ, ಕಿವಿ ಎಷ್ಟು ಹಿಂದೆ ಕಾಣಬೇಕೆಂಬುದನ್ನು ನಿರ್ಧರಿಸುವುದು ನಾವು ನಿಂತ ಜಾಗ. ಸೆನ್ಸರಿಗೆ ಅದರಲ್ಲಿ ಕೈವಾಡವಿಲ್ಲ.

ಹಿನ್ನೆಲೆ ಕರಗುವ ಬಗೆಯ ಮಾತು ಕುತೂಹಲದ್ದು. ಹ್ಯಾಸೆಲ್‌ಬ್ಲಾಡಿನ ಹಳೆಯ 80 ಎಂಎಂ ಎಫ್/2.8 ಪ್ಲಾನಾರ್ 6 × 6 ನೆಗೆಟಿವಿನಲ್ಲಿ ಕೊಡುತ್ತಿದ್ದ ಫೋಕಸಿನ ಆಳ ಫುಲ್‌ಫ್ರೇಮಿನ 44 ಎಂಎಂ ಎಫ್/1.5ಕ್ಕೆ ಸಮ. ಆ ಕಾಲದ ಸಾಮಾನ್ಯ 35 ಎಂಎಂ ಕ್ಯಾಮೆರಾದಲ್ಲಿ ಎಫ್/2 ಲೆನ್ಸ್ ಇರುತ್ತಿತ್ತು, ಪೂರ್ತಿ ತೆರೆದರೆ ಅದರ ಚಿತ್ರ ಮಂಕು. ಅಂದರೆ ಆಗ ಲುಕ್ ಎಂಬುದು ನಿಜವಾಗಿಯೂ ಇತ್ತು, ಲೆಕ್ಕಕ್ಕೂ ಸಿಗುತ್ತಿತ್ತು. ಈಗಿನ 44 × 33ಕ್ಕೆ ಬನ್ನಿ. ಜಿಎಫ್ 63 ಎಂಎಂ ಎಫ್/2.8 ಎಂಬುದು ಫುಲ್‌ಫ್ರೇಮಿನ 50 ಎಂಎಂ ಎಫ್/2.2. ಆ ಸರಣಿಯ ಹೆಮ್ಮೆಯ 80 ಎಂಎಂ ಎಫ್/1.7 ಎಂಬುದು 63 ಎಂಎಂ ಎಫ್/1.3. ಫುಲ್‌ಫ್ರೇಮಿನಲ್ಲಿ 50 ಮತ್ತು 85 ಎಂಎಂ ಎಫ್/1.2 ಲೆನ್ಸುಗಳೇ ಸಿಗುತ್ತವೆ, ಪೂರ್ತಿ ತೆರೆದರೂ ಚೂಪು. ಹಿನ್ನೆಲೆಯನ್ನು ಹೆಚ್ಚು ಕರಗಿಸುವ ಪಟ್ಟ ಸದ್ದಿಲ್ಲದೆ ಚಿಕ್ಕ ಫಾರ್ಮ್ಯಾಟಿಗೆ ದಾಟಿಹೋಗಿದೆ.

ಇನ್ನು ಬಣ್ಣ ಮತ್ತು ಹದ. 16 ಬಿಟ್ ಫೈಲಿನಲ್ಲಿ 65,536 ಹಂತಗಳಿವೆ, 14 ಬಿಟ್‌ನಲ್ಲಿ 16,384, ಆದ್ದರಿಂದ ಹದ ಹೆಚ್ಚು ಎಂದು ಜಾಹೀರಾತು ಹೇಳುತ್ತದೆ. 3.76 ಮೈಕ್ರಾನಿನ ಪಿಕ್ಸೆಲ್ ತುಂಬಿದಾಗ 50,000 ಇಲೆಕ್ಟ್ರಾನ್; ಅದರ ಸ್ವಂತ ಗದ್ದಲ ಮೂರು, ಮೂರೂವರೆ ಇಲೆಕ್ಟ್ರಾನ್. ಭಾಗಿಸಿದರೆ ಗುರುತಿಸಬಲ್ಲ ಹಂತಗಳು 14,000ದಿಂದ 17,000. ಹದಿನಾಲ್ಕು ಬಿಟ್‌ಗೆ ಸರಿಹೋಯಿತು. ಉಳಿದ ಎರಡು ಬಿಟ್‌ಗಳು ಹೆಚ್ಚಾಗಿ ಗದ್ದಲವನ್ನೇ ಇನ್ನಷ್ಟು ನಿಖರವಾಗಿ ಬರೆದಿಡುತ್ತವೆ.

ಬಣ್ಣದ ವಿಷಯ ಹಾಗೆ ಮುಗಿಯುವುದಿಲ್ಲ. ಸೆನ್ಸರಿನ ಮೇಲಿನ ಕೆಂಪು, ಹಸಿರು, ನೀಲಿ ಫಿಲ್ಟರುಗಳ ಗುಣ, ಅದಕ್ಕೆ ತಕ್ಕ ಪ್ರೊಫೈಲ್, ರಾ ಫೈಲನ್ನು ತೆರೆಯುವ ಸಾಫ್ಟ್‌ವೇರ್, ಈ ಮೂರೂ ಸೇರಿ ಬಣ್ಣವಾಗುತ್ತದೆ. ಫೇಸ್ ಒನ್ 2017ರಲ್ಲಿ ಬೇರೆ ಬಗೆಯ ಫಿಲ್ಟರಿನ ಟ್ರೈಕ್ರೊಮ್ಯಾಟಿಕ್ ಬ್ಯಾಕನ್ನೇ ತಂದಿತ್ತು. ಹ್ಯಾಸೆಲ್‌ಬ್ಲಾಡ್ ತನ್ನ ಬಣ್ಣದ ಪ್ರೊಫೈಲಿಗೆ ಬಹಳ ದುಡಿದಿದೆ, ಚರ್ಮದ ಬಣ್ಣದಲ್ಲಿ ಅದು ಕಾಣುತ್ತದೆ. ಆದರೆ ಇದು ತಯಾರಕರ ಶ್ರಮದ ಫಲ. ಸೆನ್ಸರಿನ ಗಾತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. 24 ಚೌಕಗಳ ಬಣ್ಣದ ಫಲಕ ಇಟ್ಟು, ಎರಡೂ ಕ್ಯಾಮೆರಾಗಳಿಗೆ ಒಂದೇ ರೀತಿಯಲ್ಲಿ ಪ್ರೊಫೈಲ್ ಮಾಡಿದರೆ ವ್ಯತ್ಯಾಸದ ಹೆಚ್ಚಿನ ಭಾಗ ಕರಗುತ್ತದೆ.

ಲುಕ್ ಎಂಬುದರ ಒಂದು ಪಾಲು ಕೆಲಸದ ರೀತಿಯಲ್ಲೂ ಇದೆ ಎಂದು ನನ್ನ ಅನುಮಾನ. ನಿಧಾನದ ಕ್ಯಾಮೆರಾ ಹಿಡಿದವರು ದೀಪ ಸರಿಮಾಡುತ್ತಾರೆ, ಟ್ರೈಪಾಡ್ ಹಾಕುತ್ತಾರೆ, ಕಡಿಮೆ ಕ್ಲಿಕ್ಕಿಸುತ್ತಾರೆ. ಹ್ಯಾಸೆಲ್‌ಬ್ಲಾಡ್ ಲೆನ್ಸಿನ ಒಳಗೇ ಇರುವ ಲೀಫ್ ಷಟರ್ 1/2000 ಸೆಕೆಂಡಿನಲ್ಲೂ ಫ್ಲ್ಯಾಶಿಗೆ ಜೊತೆಗೊಡುತ್ತದೆ; ನಡುಹಗಲ ಬಿಸಿಲನ್ನು ಮಣಿಸಿ ತೆಗೆದ ಹೊರಾಂಗಣ ಭಾವಚಿತ್ರಗಳ ಆ ಹೊಳಪು ಬರುವುದು ಅಲ್ಲಿಂದ.

ಕಣ್ಣು, ಕಾಗದ, ಕಾಸು

2008ರಲ್ಲಿ ಮೈಕೆಲ್ ರೈಕ್‌ಮನ್ ಎಂಬ ಕೆನಡಾದ ಛಾಯಾಗ್ರಾಹಕ ಒಂದು ತುಂಟ ಪರೀಕ್ಷೆ ಮಾಡಿದರು. 39 ಮೆಗಾಪಿಕ್ಸೆಲಿನ ಫೇಸ್ ಒನ್ ಪಿ45+ ಬ್ಯಾಕ್ ಹಾಕಿದ ಹ್ಯಾಸೆಲ್‌ಬ್ಲಾಡ್ ಒಂದು ಕಡೆ, ಜೇಬಿಗೆ ಹಿಡಿಸುವ ಕ್ಯಾನನ್ ಜಿ10 ಇನ್ನೊಂದು ಕಡೆ. 13 × 19 ಇಂಚಿನ ಪ್ರಿಂಟುಗಳನ್ನು ಅನುಭವಿಗಳ ಮುಂದಿಟ್ಟಾಗ ಯಾವುದು ಯಾವುದೆಂದು ಖಚಿತವಾಗಿ ಹೇಳಲು ಅವರಿಂದ ಆಗಲಿಲ್ಲ. ಒಳ್ಳೆಯ ಬೆಳಕು, ಕನಿಷ್ಠ ಐಎಸ್‌ಒ, ಮಿತ ಅಳತೆಯ ಪ್ರಿಂಟ್: ಎಲ್ಲವೂ ಚಿಕ್ಕದಕ್ಕೆ ಒದಗಿಬರುವ ಸ್ಥಿತಿ. ಅದನ್ನು ಕ್ಯಾಮೆರಾಗಳೆಲ್ಲ ಒಂದೇ ಎಂದು ಓದಿದವರು ತಪ್ಪು ಓದಿದರು. ಪ್ರಿಂಟಿನ ಅಳತೆ ಒಂದು ಗೆರೆ ದಾಟುವವರೆಗೆ ಗುಣಮಟ್ಟದ ಮಿಗುತೆ ಕಣ್ಣಿಗೆ ಬೀಳುವುದಿಲ್ಲ ಎಂಬಷ್ಟನ್ನೇ ಅದು ಹೇಳುತ್ತದೆ.

ಕಾಸಿನ ಲೆಕ್ಕವೂ ಬದಲಾಗುತ್ತಿದೆ. 2019ರಲ್ಲಿ ಜಿಎಫ್‌ಎಕ್ಸ್ 100ಕ್ಕೆ 10,000 ಡಾಲರ್, 2021ರಲ್ಲಿ ಅದೇ ಬಗೆಯ ಸೆನ್ಸರಿನ 100ಎಸ್‌ಗೆ 6,000. ಎ7ಆರ್ 4 ಬಂದಾಗ 3,500 ಇತ್ತು. ಆದರೂ ಕಬಿನಿ ಹಿನ್ನೀರಿನಲ್ಲಿ ಚಿರತೆಗಾಗಿ ಕಾಯುವವರಿಗೆ ಈ ಹೋಲಿಕೆಯೇ ಅಪ್ರಸ್ತುತ: 2024ರಲ್ಲಿ ಬಂದ ಜಿಎಫ್ 500 ಎಂಎಂ ಕೂಡ ಫುಲ್‌ಫ್ರೇಮಿನ 395 ಎಂಎಂನಷ್ಟು ಮಾತ್ರ ಹತ್ತಿರ ತರುತ್ತದೆ. ತಾಳೆಗರಿಗಳನ್ನೋ ಬೇಲೂರಿನ ಮದನಿಕೆಯರನ್ನೋ ಟ್ರೈಪಾಡ್ ಹಾಕಿ ದಾಖಲಿಸುವವರಿಗೆ ಹತ್ತು ಕೋಟಿ ಪಿಕ್ಸೆಲ್ ಒಂದೇ ಕ್ಲಿಕ್ಕಿನಲ್ಲಿ ಸಿಗುವುದು ಸಣ್ಣ ಮಾತಲ್ಲ.

ನ್ಯಾಯವಾಗಿ ಹೋಲಿಸುವುದಾದರೆ

ಮೊದಲು ಕೊನೆಯ ಚಿತ್ರದ ಆಕಾರ ಮತ್ತು ಅಳತೆಯನ್ನು ತೀರ್ಮಾನಿಸಿಕೊಳ್ಳಬೇಕು. ಹೋಲಿಕೆ ನಡೆಯಬೇಕಾದದ್ದು ಅದರಲ್ಲಿ. ಕ್ಯಾಮೆರಾ ನಿಲ್ಲುವ ಜಾಗ ಒಂದೇ, ಚೌಕಟ್ಟು ಒಂದೇ. ಆಮೇಲೆ ಒಂದಲ್ಲ, ಎರಡು ಪರೀಕ್ಷೆ ಬೇಕು. ಫೋಕಸಿನ ಆಳವನ್ನೂ ಷಟರನ್ನೂ ಸಮ ಇಟ್ಟು ಒಮ್ಮೆ. ಷಟರಿಗೆ ಮಿತಿಯಿಲ್ಲದೆ, ಎರಡೂ ಕ್ಯಾಮೆರಾ ತಮ್ಮ ಕನಿಷ್ಠ ಐಎಸ್‌ಒದಲ್ಲಿ ಬಿಳಿ ಸುಡದಷ್ಟು ಬೆಳಕು ತುಂಬಿಕೊಳ್ಳುವಂತೆ ಇನ್ನೊಮ್ಮೆ. ಎರಡರ ಅಪರ್ಚರನ್ನೂ ಎಫ್/4ಕ್ಕೆ ಇಟ್ಟು, 'ನೋಡಿ, ಹಿನ್ನೆಲೆ ಎಷ್ಟು ಚೆನ್ನಾಗಿ ಕರಗಿದೆ' ಎನ್ನುವ ಜನಪ್ರಿಯ ಪದ್ಧತಿಯಲ್ಲಿ ಹೋಲಿಕೆಯಾಗುವುದು ಎರಡು ಬೇರೆ ಬೇರೆ ಚಿತ್ರಗಳು. ರಾ ಫೈಲನ್ನು ಒಂದೇ ಸಾಫ್ಟ್‌ವೇರಿನಲ್ಲಿ ತೆರೆಯಬೇಕು, ಬಣ್ಣದ ಪ್ರೊಫೈಲ್ ನಾವೇ ಮಾಡಿಕೊಳ್ಳಬೇಕು, ಶಾರ್ಪನಿಂಗ್ ಕೊನೆಯ ಅಳತೆಗೆ ತಕ್ಕಂತೆ ಇರಬೇಕು. ಫೋಕಸನ್ನು ಹಲವು ಬಾರಿ ಮಾಡಿ ಉತ್ತಮವಾದದ್ದನ್ನು ಆರಿಸಬೇಕು, ಏಕೆಂದರೆ 100 ಮೆಗಾಪಿಕ್ಸೆಲಿನಲ್ಲಿ ಕೂದಲೆಳೆಯಷ್ಟು ಫೋಕಸ್ ತಪ್ಪಿದರೆ ಇಡೀ ಲಾಭ ಮಾಯ. ಕೊನೆಗೆ, ನೋಡುವವರಿಗೆ ಯಾವುದು ಯಾವುದೆಂದು ಗೊತ್ತಿರಬಾರದು.

ಇನ್ನೂ ತೀರ್ಮಾನವಾಗದ್ದು

ಬೆಳಕಿನ ಲೆಕ್ಕದ ಬಗ್ಗೆ ಈಗ ಗಂಭೀರ ಭಿನ್ನಮತವಿಲ್ಲ. ಲುಕ್ ಬಗ್ಗೆ ಇದೆ. ಫೋಕಸಿನ ಆಳ, ಬಣ್ಣ, ಪ್ರಿಂಟಿನ ಅಳತೆ ಎಲ್ಲವನ್ನೂ ಸಮ ಮಾಡಿದ ಮೇಲೂ ಕಣ್ಣು ಹಿಡಿಯುವ ಏನಾದರೂ ಉಳಿಯುತ್ತದೆಯೇ? ಉಳಿಯುವುದಾದರೆ ಅದು ಬಹುಶಃ ಲೆನ್ಸಿನಲ್ಲಿರಬೇಕು, ಅಂದರೆ ಕಡಿಮೆ ಹಿಗ್ಗಿಸಿದ್ದರಿಂದ ಮಧ್ಯಮ ಗಾತ್ರದ ವಿವರಗಳಲ್ಲಿ ಉಳಿಯುವ ಕಾಂಟ್ರಾಸ್ಟಿನಲ್ಲಿ. ಅದನ್ನು ಅಳೆಯಬಹುದು. ಆದರೆ ಎಷ್ಟು ಅಂತರವಿದ್ದರೆ ಮನುಷ್ಯರು ಅದನ್ನು ಸೊಗಸು ಎಂದು ಗುರುತಿಸುತ್ತಾರೆ ಎಂಬುದಕ್ಕೆ ಒಪ್ಪಿತ ಅಂಕಿಯಿಲ್ಲ.

ಎರಡನೆಯದು ಸಾಫ್ಟ್‌ವೇರ್. 2020ರ ಸುಮಾರಿಗೆ ಡಿಎಕ್ಸ್‌ಒ, 2023ರಲ್ಲಿ ಅಡೋಬ್ ಲೈಟ್‌ರೂಮ್ ತಂದ ಕೃತಕ ಬುದ್ಧಿಮತ್ತೆಯ ನಾಯ್ಸ್ ನಿವಾರಣೆ ಮುಕ್ಕಾಲು ಸ್ಟಾಪಿಗಿಂತ ದೊಡ್ಡ ಜಿಗಿತ. ಎರಡೂ ಫಾರ್ಮ್ಯಾಟಿಗೆ ಅದು ಸಿಗುತ್ತದೆ, ನಿಜ. ಆದರೆ ಕಡಿಮೆ ಬೆಳಕಿನ ಫೈಲಿಗೆ ಹೆಚ್ಚು ಲಾಭ ಕೊಟ್ಟು ಅಂತರವನ್ನು ಕುಗ್ಗಿಸುತ್ತದೆಯೋ, ಅಥವಾ ಅದು ಊಹಿಸಿ ಸೇರಿಸಿದ ರೆಪ್ಪೆ ಕೂದಲನ್ನು ವಿವರ ಎಂದು ಎಣಿಸಲೇಬಾರದೋ? ತಾಳೆಗರಿಯ ಅಕ್ಷರಗಳನ್ನು ದಾಖಲಿಸುವವರಿಗೆ ಈ ಪ್ರಶ್ನೆ ಮದುವೆ ಫೋಟೋದವರಿಗಿಂತ ಹೆಚ್ಚು ಗಂಭೀರ. ಹತ್ತಾರು ಕ್ಲಿಕ್ಕುಗಳನ್ನು ಸೇರಿಸಿ ಒಂದು ಚಿತ್ರ ಮಾಡುವ ಪಿಕ್ಸೆಲ್ ಶಿಫ್ಟ್‌ನಂಥ ಉಪಾಯಗಳನ್ನು ಹೋಲಿಕೆಯೊಳಗೆ ತರಬೇಕೋ ಬೇಡವೋ ಎಂಬುದೂ ಇದರ ಬೆನ್ನಿಗೇ ಬರುತ್ತದೆ.

ಕೊನೆಯದು ಗಾತ್ರದ್ದೇ. ಫೇಸ್ ಒನ್ ಬ್ಯಾಕುಗಳ 53.4 × 40ರ ಸೆನ್ಸರ್ ಫುಲ್‌ಫ್ರೇಮಿನ ಎರಡೂವರೆ ಪಟ್ಟು, ಅಂದರೆ 1.3 ಸ್ಟಾಪ್. ಫಿಲ್ಮ್ ಕಾಲದ 645ಕ್ಕೆ (6 × 4.5 ಸೆಂಟಿಮೀಟರಿನ ನೆಗೆಟಿವಿಗೆ) ಹತ್ತಿರದ ಈ ಅಳತೆ ಹಗುರವಾದ, ಕೈಗೆಟುಕುವ ದೇಹಕ್ಕೆ ಇಳಿದರೆ ಮೇಲಿನ ಎಲ್ಲ ಅಂಕಿಗಳನ್ನೂ ಹೊಸದಾಗಿ ಬರೆಯಬೇಕಾಗುತ್ತದೆ. ಅಷ್ಟರಲ್ಲಿ ಫುಲ್‌ಫ್ರೇಮ್ ಸೆನ್ಸರುಗಳು ಐಎಸ್‌ಒ 64ರಿಂದ 32ಕ್ಕೆ ಇಳಿದಿದ್ದರೆ, ಆ 1.3 ಸ್ಟಾಪಿನಲ್ಲಿ ಒಂದು ಪೂರ್ತಿ ಸ್ಟಾಪ್ ಹೊರಟುಹೋಗಿ ಮೂರನೇ ಒಂದು ಭಾಗದ ಸ್ಟಾಪಿಗಾಗಿ ವಾದ ಮುಂದುವರಿಯಬೇಕಾಗುತ್ತದೆ.